ಸಿಡ್ನಿ ಪೊಯಿಟಿಯರ್‌ಗೆ ಆಸ್ಕರ್ ಬಂದದ್ದು ಈ ಸಿನಿಮಾಕ್ಕಲ್ಲ

1967ರ ಹಾಲಿವುಡ್ ಸಿನಿಮಾ 'ಇನ್ ದ ಹೀಟ್ ಆಫ್ ದ ನೈಟ್' ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ಕಪ್ಪು ಪತ್ತೇದಾರ ಟಿಬ್ಸ್ ಪಾತ್ರಕ್ಕೆ ನಟ ಸಿಡ್ನಿ ಪೊಯಿಟಿಯರ್ ಆಸ್ಕರ್ ಗೆದ್ದರು, ಶೂಟಿಂಗ್ ಪೂರ್ತಿ ಮಿಸಿಸಿಪ್ಪಿಯಲ್ಲಿ ನಡೆಯಿತು ಅಂತ. ಎರಡೂ ತಪ್ಪು.

ಚಿತ್ರಕ್ಕೆ 5 ಆಸ್ಕರ್ ಬಂದದ್ದು ನಿಜ. ಆದರೆ ಅತ್ಯುತ್ತಮ ನಟ ಪ್ರಶಸ್ತಿ ಸಿಕ್ಕಿದ್ದು ಬಿಳಿಯ ಪೊಲೀಸ್ ಮುಖ್ಯಸ್ಥನ ಪಾತ್ರ ಮಾಡಿದ ರಾಡ್ ಸ್ಟೈಗರ್‌ಗೆ. ಪೊಯಿಟಿಯರ್ ಹೆಸರು ನಾಮನಿರ್ದೇಶನದಲ್ಲೂ ಇರಲಿಲ್ಲ. ಆಸ್ಕರ್ ಕೊಡುವ ಅಕಾಡೆಮಿಯ ದಾಖಲೆಯಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಅವರು ಆಸ್ಕರ್ ಗೆದ್ದದ್ದು 1964ರಲ್ಲಿ, 'ಲಿಲೀಸ್ ಆಫ್ ದ ಫೀಲ್ಡ್' ಚಿತ್ರಕ್ಕೆ.

ಚಿತ್ರದ ಒಂದು ದೃಶ್ಯದಲ್ಲಿ, ಗಾಜಿನ ಮನೆಯ ಆರ್ಕಿಡ್ ಗಿಡಗಳ ನಡುವೆ ಬಿಳಿಯ ಜಮೀನ್ದಾರ ಟಿಬ್ಸ್ ಕೆನ್ನೆಗೆ ಹೊಡೆಯುತ್ತಾನೆ. ಟಿಬ್ಸ್ ತಕ್ಷಣ ತಿರುಗಿಸಿ ಬಾರಿಸುತ್ತಾನೆ. ಅದನ್ನು ನೋಡಿದರೆ ಪ್ರಶಸ್ತಿ ಪೊಯಿಟಿಯರ್‌ಗೇ ಬಂದಿರಬೇಕು ಅನಿಸುತ್ತದೆ, ಅಲ್ವಾ? ಬರಲಿಲ್ಲ. ಆ ನೋವನ್ನೇ ಈ ಮೆಸೇಜ್ ಮರೆಸುತ್ತಿದೆ.

ಕಥೆ ನಡೆಯುವುದು ಮಿಸಿಸಿಪ್ಪಿಯ ಸ್ಪಾರ್ಟಾದಲ್ಲಿ. ಶೂಟಿಂಗ್ ಆದದ್ದು ಜಾಸ್ತಿ ಇಲಿನಾಯ್ ರಾಜ್ಯದ ಸ್ಪಾರ್ಟಾದಲ್ಲಿ, ಸ್ವಲ್ಪ ಭಾಗ ಟೆನ್ನೆಸಿಯಲ್ಲಿ. ಮಿಸಿಸಿಪ್ಪಿಯಂಥ ದಕ್ಷಿಣದ ರಾಜ್ಯಗಳಲ್ಲಿ ತಮ್ಮ ಜೀವಕ್ಕೆ ಅಪಾಯವಿದೆ ಅಂತ ಪೊಯಿಟಿಯರ್ ಮೊದಲು ಅಲ್ಲಿ ಶೂಟಿಂಗ್ ಬೇಡ ಎಂದಿದ್ದರು. 1964ರಲ್ಲಿ ಮಿಸಿಸಿಪ್ಪಿಯಲ್ಲಿ ಅವರಿದ್ದ ಕಾರನ್ನು ಜನಾಂಗದ್ವೇಷಿಗಳು ಬೆನ್ನಟ್ಟಿದ್ದರು.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.