ಕೋಹೋ ಉಳಿಯಬೇಕಾದರೆ ರಸ್ತೆಯ ನೀರು ಮಣ್ಣು ದಾಟಿ ಬರಲಿ

ಅಕ್ಟೋಬರ್ ಬಂತೆಂದರೆ ಅಮೆರಿಕದ ಸಿಯಾಟಲ್ ಕಡೆಯ ಕನ್ನಡಿಗರು ಮಕ್ಕಳ ಜೊತೆ ಪಕ್ಕದ ಇಸಾಕ್ವಾ ಊರಿಗೆ, ಮೊಟ್ಟೆಯಿಡಲು ಸಮುದ್ರದಿಂದ ಹಳ್ಳಕ್ಕೆ ಏರಿ ಬರುವ ಸಾಲ್ಮನ್ ಮೀನು ನೋಡಲು ಹೊರಡುತ್ತಾರೆ. ಹೋಗಲಿ, ನೋಡುವಂಥದ್ದೇ. ಜೊತೆಗೆ ನಗರದೊಳಗಿನ ಸಣ್ಣ ಹಳ್ಳಗಳನ್ನೂ ಇಣುಕಿ ನೋಡಬೇಕು.

ಪಶ್ಚಿಮ ಸಿಯಾಟಲ್‌ನ ಲಾಂಗ್‌ಫೆಲೋ ಹಳ್ಳದ ದಡಕ್ಕೆ ಗಿಡ ನೆಟ್ಟರು, ನೀರಿಗೆ ಮರದ ದಿಮ್ಮಿ ಇಳಿಸಿದರು. ಕೋಹೋ ಎಂಬ ಜಾತಿಯ ಸಾಲ್ಮನ್ ಬಂದವು, ಆದರೆ ಜೋರು ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಬಾಯಿ ತೆರೆದು, ಗಿರಗಿರನೆ ಸುತ್ತಿ ಸತ್ತವು. ಹೆಣ್ಣುಗಳ ಹೊಟ್ಟೆಯಲ್ಲಿ ಮೊಟ್ಟೆ ಹಾಗೇ ಇತ್ತು. ಕಾರಣ ಗೊತ್ತಾಗಿದ್ದು 2020ರ ಕೊನೆಗೆ: ಟೈರು ಬಿರುಕು ಬಿಡದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಝೋನ್ ತಾಗಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಟೈರು ಸವೆದ ಪುಡಿಯಿಂದ ಅದು ಮಳೆನೀರಿಗೆ ಇಳಿಯುತ್ತದೆ. ಲೀಟರಿಗೆ 95 ನ್ಯಾನೋಗ್ರಾಂ ಇದ್ದರೆ ಮರಿ ಕೋಹೋಗಳಲ್ಲಿ ಅರ್ಧ ಸಾಯುತ್ತವೆ. ಅಂದರೆ ಒಂದು ಗ್ರಾಂ ವಿಷ, ಸುಮಾರು ಒಂದು ಕೋಟಿ ಲೀಟರ್ ನೀರು! ಅದೇ ನೀರಲ್ಲಿ ಚಮ್ ಸಾಲ್ಮನ್ ಆರಾಮವಾಗಿರುತ್ತದೆ. ಹಾಗಾಗಿ "ಮೀನಿದೆಯಲ್ಲ, ನೀರು ಚೆನ್ನಾಗಿದೆ" ಅನ್ನುವ ಮಾತು ನಡೆಯುವುದಿಲ್ಲ.

ಟೈರಿನ ರಸಾಯನ ಬದಲಾಗುವವರೆಗೆ ಕೈಯಲ್ಲಿರುವ ಉಪಾಯ ಮಣ್ಣು: ರಸ್ತೆ ಬದಿ ಗುಂಡಿ ತೋಡಿ, ನೀರು ಸೋಸುವ ಮಣ್ಣಿನ ಮಿಶ್ರಣ ತುಂಬಿ ಗಿಡ ನೆಡುವುದು. ಶೇ. 60 ಮರಳು, ಶೇ. 40 ಕಾಂಪೋಸ್ಟ್, 45 ಸೆಂ.ಮೀ. ದಪ್ಪ, ಮೇಲೆ ಮರದ ಚಕ್ಕೆಯ ಹೊದಿಕೆ. 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆದ್ದಾರಿಯ ನೀರನ್ನು ಇಂಥ ಮಣ್ಣಿನಲ್ಲಿ ಸೋಸಿ ಬಿಟ್ಟಾಗ ಕೋಹೋ ಬದುಕಿದವು, ಸೋಸದ ನೀರಲ್ಲಿ ಸತ್ತವು.

ಕೆಡುವುದು ಎಲ್ಲಿ? ಗಿಡ ಸೊಂಪಾಗಿ ಬರಲೆಂದು ಕಾಂಪೋಸ್ಟ್ ಜಾಸ್ತಿ ಸುರಿದರೆ ರಂಜಕ, ಸಾರಜನಕ ತೊಳೆದು ಹಳ್ಳ ಸೇರುತ್ತವೆ. ಹೊಸ ಮಿಶ್ರಣದಿಂದ ಮೊದಮೊದಲು ತಾಮ್ರವೂ ಬರಬಹುದು, ಅದು ಮರಿ ಸಾಲ್ಮನ್‌ಗಳ ಮೂಗು ಮಂಕು ಮಾಡುತ್ತದೆ. ಗುಂಡಿಯೊಳಗೆ ಯಂತ್ರ ಓಡಿಸಿದರೆ ತಳ ಗಟ್ಟಿಯಾಗಿ ನೀರು ಇಂಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ತರಗೆಲೆ. ಶರತ್ಕಾಲದಲ್ಲಿ, ಕೋಹೋ ಮೇಲೇರುವ ಹೊತ್ತಿಗೇ, ಒಳಹರಿವಿನ ಬಾಯಿ ಕಟ್ಟಿಕೊಂಡು ಕೊಳೆನೀರು ಪಕ್ಕದ ಮೋರಿಗೆ ನುಗ್ಗುತ್ತದೆ. ಗುಂಡಿ ತೋಡಲು ಹಣ ಕೊಡುವವರು ಎಲೆ ಬಾಚಲು ಕೊಡುವುದಿಲ್ಲ, ನನ್ನ ತಕರಾರು ಇರುವುದೇ ಅಲ್ಲಿ. ಉದ್ಘಾಟನೆಗೆ ಫೋಟೋ ಇರುತ್ತದೆ, ಬಾಚುವುದಕ್ಕೆ ಯಾರ ಫೋಟೋ?

ನಿಮ್ಮ ಬೀದಿಯಲ್ಲಿ ಇಂಥ ಗುಂಡಿ ಇದ್ದರೆ ಮೊದಲ ದೊಡ್ಡ ಮಳೆಗೆ ಮುಂಚೆ ಬಾಯಿ ಬಿಡಿಸಿ. ಮಳೆ ನಿಂತು ಎರಡು ದಿನವಾದರೂ ನೀರು ನಿಂತೇ ಇದ್ದರೆ ಮೇಲಿನ ಹೂಳು ಕೆರೆದು ತೆಗೆಯಿರಿ. ಗೊಬ್ಬರ ಹಾಕಬೇಡಿ. ಕಾರನ್ನು ಮನೆಮುಂದೆ ತೊಳೆಯುವುದಾದರೆ ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಿರಿ. ಸಿಯಾಟಲ್ ಕಡೆ ಬಹಳಷ್ಟು ರಸ್ತೆಮೋರಿಗಳ ನೀರು ಸೋಸದೆ ನೇರ ಹಳ್ಳಕ್ಕೇ ಹೋಗುತ್ತದೆ.