ಗಾಜಿನ ಲೋಟದಲ್ಲಿ ಸಿಡಿದ ಅಣುಬಾಂಬು

ಹೋದ ಭಾನುವಾರ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಅಣುಬಾಂಬು ಸಿಡಿಯಿತು. ಉದ್ದನೆಯ ಗಾಜಿನ ಲೋಟದ ತುಂಬ ನೀರು, ಪೆನ್ನಿನ ಶಾಯಿ, ಚಿಟಿಕೆ ಉಪ್ಪು, ಖಾಲಿಯಾದ ಔಷಧದ ಬಾಟಲಿಯ ಡ್ರಾಪರ್. ಸಾಮಗ್ರಿ ಇಷ್ಟೇ. ಉಪ್ಪು ಕರಗಿಸಿದ ಶಾಯಿಯನ್ನು ಡ್ರಾಪರಿಗೆ ತುಂಬಿ, ತುದಿಯನ್ನು ನೀರಿಗೆ ತಾಗಿಸಿ ಒಮ್ಮೆ ಒತ್ತಿದೆ. ಶಾಯಿ ಕಂಬದಂತೆ ಕೆಳಗಿಳಿಯಿತು. ತುದಿ ಉಬ್ಬಿತು. ಉಬ್ಬಿದ ಅಂಚು ಹೊರಕ್ಕೆ ಮಗುಚಿ ತನ್ನೊಳಗೇ ಸುರುಳಿ ಸುತ್ತಿಕೊಳ್ಳತೊಡಗಿತು. ಅದನ್ನು ಮೊಬೈಲಿನ ನಿಧಾನಗತಿಯಲ್ಲಿ ಚಿತ್ರೀಕರಿಸಿ, ಮೊಬೈಲನ್ನು ತಲೆಕೆಳಗು ಮಾಡಿ ಮಗಳಿಗೆ ತೋರಿಸಿದೆ. (ಪರದೆ ತಾನಾಗಿ ತಿರುಗದಂತೆ ಮೊದಲು ಬಂಧಿಸಿಡಬೇಕು. ಇಲ್ಲದಿದ್ದರೆ ಚಿತ್ರವೂ ನಮ್ಮೊಂದಿಗೆ ತಿರುಗಿ ಮಾನ ಕಳೆಯುತ್ತದೆ.) ಏಳನೆಯ ತರಗತಿಯ ಹುಡುಗಿ ಕಣ್ಣರಳಿಸಿ ಕೇಳಿದಳು: "ಅಪ್ಪಾ, ಇದು ಹಿರೋಶಿಮಾದ ವಿಡಿಯೋವೇ?"

ಈ ಉಪಾಯ ನನ್ನದಲ್ಲ. 1983ರ ನವೆಂಬರ್ 20ರ ರಾತ್ರಿ ಅಮೆರಿಕದ ಎಬಿಸಿ ವಾಹಿನಿಯಲ್ಲಿ ಸುಮಾರು 10 ಕೋಟಿ ಜನ ನೋಡಿದ 'ದ ಡೇ ಆಫ್ಟರ್' ಎಂಬ ಟಿವಿ ಚಿತ್ರದ್ದು. ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ನಡುವೆ ಅಣುಯುದ್ಧ ನಡೆದರೆ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಸಾಧಾರಣ ಊರಿಗೆ ಏನಾದೀತು ಎಂಬುದು ಕಥೆ. ನಿರ್ದೇಶಕ ನಿಕೋಲಸ್ ಮೇಯರ್. ಸ್ಪೆಷಲ್ ಎಫೆಕ್ಟ್ಸ್ ರಾಬರ್ಟ್ ಬ್ಲಾಲಾಕ್ ಅವರ ಸ್ಟುಡಿಯೋದ್ದು. ಮೊದಲ 'ಸ್ಟಾರ್ ವಾರ್ಸ್' ಚಿತ್ರದ ಎಫೆಕ್ಟ್ಸ್‌ಗೆ ಆಸ್ಕರ್ ಹಂಚಿಕೊಂಡವರಲ್ಲಿ ಬ್ಲಾಲಾಕ್ ಒಬ್ಬರು.

ಅಣುಪರೀಕ್ಷೆಗಳ ನಿಜವಾದ ಚಿತ್ರಗಳು ಅಮೆರಿಕದ ರಕ್ಷಣಾ ಇಲಾಖೆಯ ಬಳಿ ರಾಶಿ ಬಿದ್ದಿದ್ದವು. ಆದರೆ ಇಲಾಖೆ ಒಂದು ಷರತ್ತು ಹಾಕಿತು: ಯುದ್ಧ ಶುರುಮಾಡಿದ್ದು ಸೋವಿಯತ್ ಒಕ್ಕೂಟವೇ ಎಂದು ಕಥೆಯಲ್ಲಿ ಸ್ಪಷ್ಟವಾಗಬೇಕು. ಮೊದಲು ಬಾಂಬು ಹಾಕಿದವರು ಯಾರು ಎಂಬುದನ್ನು ಮೇಯರ್ ಬೇಕೆಂದೇ ಅಸ್ಪಷ್ಟವಾಗಿ ಇಟ್ಟಿದ್ದರು. ಹೇಗೂ ಪರೀಕ್ಷೆ ನಡೆದಾಗ ನೆವಾಡದ ಮರುಭೂಮಿಯಲ್ಲಿ ಎದ್ದ ಅಣಬೆ ಮೋಡವನ್ನು ತಂದು ಕ್ಯಾನ್ಸಸ್‌ನ ಹೆದ್ದಾರಿಯ ಹಿಂದೆ ನಿಲ್ಲಿಸುವುದು ಸುಲಭವೂ ಅಲ್ಲ. ಮೋಡವನ್ನು ತಾವೇ ಬೆಳೆಸಬೇಕಾಯಿತು.

ಬೆಳೆಸಿದ್ದು ನೀರಿನ ತೊಟ್ಟಿಯಲ್ಲಿ. ಎಣ್ಣೆಬಣ್ಣ ಮತ್ತು ಶಾಯಿಯನ್ನು ಪಿಸ್ಟನ್ನಿನಿಂದ ಮೇಲಿನಿಂದ ಕೆಳಕ್ಕೆ ನೂಕಿದರು. ಕ್ಯಾಮೆರಾವನ್ನು ತಲೆಕೆಳಗಾಗಿ ಕಟ್ಟಿ ಅತಿವೇಗದಲ್ಲಿ ಚಿತ್ರೀಕರಿಸಿದರು. ಬಣ್ಣಗಳನ್ನು ಲ್ಯಾಬಿನಲ್ಲಿ ನೆಗೆಟಿವ್‌ನಂತೆ ತಿರುವುಮುರುವು ಮಾಡಿ ಲಾರೆನ್ಸ್‌ನ ಆಕಾಶಕ್ಕೆ ಜೋಡಿಸಿದರು. ಮೇಯರ್ ಹಿಂದಿನ ವರ್ಷ ನಿರ್ದೇಶಿಸಿದ್ದ ಎರಡನೆಯ 'ಸ್ಟಾರ್ ಟ್ರೆಕ್' ಚಿತ್ರದಲ್ಲಿ ಮುಟಾರಾ ಎಂಬ ನೀಹಾರಿಕೆ ಹುಟ್ಟಿದ್ದೂ ಇದೇ ತೊಟ್ಟಿಯಲ್ಲಂತೆ! ಒಂದು ವರ್ಷ ನಕ್ಷತ್ರಲೋಕ, ಮರುವರ್ಷ ಪ್ರಳಯ.

ಇದನ್ನು ಬರಿಯ ಕಣ್ಕಟ್ಟು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಜವಾದ ಸ್ಫೋಟದಲ್ಲಿ ಸುಡುವ ಅನಿಲ ಸುತ್ತಲಿನ ಗಾಳಿಗಿಂತ ಹಗುರವಾದ್ದರಿಂದ ಮೇಲೇಳುತ್ತದೆ. ನಡುಭಾಗ ವೇಗವಾಗಿ ಏರುತ್ತದೆ, ಅಂಚು ಗಾಳಿಗೆ ತಿಕ್ಕಿ ಹಿಂದುಳಿಯುತ್ತದೆ, ಹಿಂದುಳಿದದ್ದು ಹೊರಕ್ಕೆ ಮಗುಚಿ ಉಂಗುರವಾಗಿ ಸುತ್ತುತ್ತದೆ. ಅಣಬೆಯ ಕೊಡೆ ಎಂದರೆ ಆ ಉಂಗುರ. ತೊಟ್ಟಿಯಲ್ಲಿ ನೀರಿಗಿಂತ ಭಾರವಾದ ಬಣ್ಣ ಇಳಿಯುವಾಗಲೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ. ಕ್ಯಾಮೆರಾ ತಲೆಕೆಳಗಾದರೆ ಆ ವ್ಯತ್ಯಾಸವೂ ಹೋಯಿತು. ಅಂದರೆ ಟಿವಿಯಲ್ಲಿ ಕಂಡದ್ದು ಅಣಬೆ ಮೋಡದ ಅನುಕರಣೆಯಲ್ಲ, ಅದರ ದಾಯಾದಿ. ಇಂದಿನ ಕಂಪ್ಯೂಟರುಗಳೂ ದ್ರವಗಳ ಚಲನೆಯ ಸಮೀಕರಣಗಳನ್ನು ಬಿಡಿಸಿಯೇ ಮೋಡ ಮಾಡುತ್ತವೆ, ಸುಳ್ಳು ಹೇಳಬಾರದು. ಆದರೆ ಆ ತೊಟ್ಟಿಗೆ ಯಾರೂ ಸಮೀಕರಣ ಹೇಳಿಕೊಡಬೇಕಾಗಿರಲಿಲ್ಲ.

ಅತಿವೇಗದ ಚಿತ್ರೀಕರಣಕ್ಕೂ ಒಂದು ಲೆಕ್ಕವಿದೆ. ಚಿಕ್ಕ ವಸ್ತು ಚಿಕ್ಕ ದೂರವನ್ನು ಬೇಗ ಬಿದ್ದು ಮುಗಿಸುತ್ತದೆ, ಕಣ್ಣು ಅದನ್ನು ತಕ್ಷಣ ಪತ್ತೆಹಚ್ಚುತ್ತದೆ. ಮಿನಿಯೇಚರ್ ಕೆಲಸದವರ ಹಳೆಯ ಸೂತ್ರ: ಅಸಲಿಗಿಂತ 16 ಪಟ್ಟು ಚಿಕ್ಕದಾದ ಮಾದರಿಯನ್ನು 16ರ ವರ್ಗಮೂಲ, ಅಂದರೆ 4 ಪಟ್ಟು ವೇಗದಲ್ಲಿ ಚಿತ್ರೀಕರಿಸಬೇಕು. ಸೆಕೆಂಡಿಗೆ 24 ಚೌಕಟ್ಟಿನ ಬದಲು 96. ಅದನ್ನು ಮಾಮೂಲಿ 24ರಲ್ಲಿ ಓಡಿಸಿದಾಗ ಚಲನೆ ನಿಧಾನವಾಗಿ, ಬೀಳುವಿಕೆಗೆ ತೂಕ ಬರುತ್ತದೆ. ಹಳೆಯ ಚಿತ್ರಗಳಲ್ಲಿ ಹಡಗು ಮುಳುಗುವಾಗ ನಮಗೆ ನಗು ಬರುವುದು ಈ ಲೆಕ್ಕವೂ ನೀರಿನ ಹನಿಯ ಮುಂದೆ ಸೋಲುವುದರಿಂದ. ಹಡಗನ್ನು ಎಷ್ಟಾದರೂ ಕುಗ್ಗಿಸಬಹುದು, ಹನಿ ಕುಗ್ಗುವುದಿಲ್ಲ. ನೀರೊಳಗೆ ಇಳಿಯುವ ಬಣ್ಣದಲ್ಲಿ ಹನಿಯೇ ಇಲ್ಲವಲ್ಲ!

ಇಷ್ಟು ಹೊಗಳಿದ ಮೇಲೆ ದೂರನ್ನೂ ಹೇಳಿಬಿಡುತ್ತೇನೆ. ಅದೇ ಚಿತ್ರದಲ್ಲಿ ಬಾಂಬು ಬಿದ್ದ ಕ್ಷಣ ಮನುಷ್ಯರು ಎಕ್ಸ್-ರೇ ಚಿತ್ರದಂತೆ ಮಿಂಚಿ, ಅಸ್ಥಿಪಂಜರವಾಗಿ ಇಲ್ಲವಾಗುತ್ತಾರೆ. ತುಂಬ ಜನಕ್ಕೆ ನೆನಪಿರುವ ದೃಶ್ಯ ಅದೇ. ನನಗೆ ಅದು ಎಂದೂ ಹಿಡಿಸಲಿಲ್ಲ. ಮೋಡವನ್ನು ನೋಡುವಾಗ ಏನೋ ಎಲ್ಲೋ ನಿಜವಾಗಿ ಹೊರಳಿತು ಎಂದು ಕಣ್ಣು ನಂಬುತ್ತದೆ. ಅಸ್ಥಿಪಂಜರ ಕಂಡೊಡನೆ ನನಗೆ ಕಾಣುವುದು ಅದನ್ನು ಫಿಲ್ಮಿನ ಮೇಲೆ ಮೂಡಿಸಿದವರ ಮೇಜು. ಅದಕ್ಕಿಂತ ಹೆದ್ದಾರಿಯಲ್ಲಿ ಕಾರುಗಳೆಲ್ಲ ಒಮ್ಮೆಲೇ ನಿಂತುಬಿಡುವ ದೃಶ್ಯ ಮೇಲು. ಸ್ಫೋಟದ ವಿದ್ಯುತ್ಕಾಂತೀಯ ಹೊಡೆತಕ್ಕೆ ಎಂಜಿನ್ನುಗಳು ಸತ್ತವು ಎಂಬುದನ್ನು ತೋರಿಸಲು ಎಫೆಕ್ಟ್ಸೇ ಬೇಕಿಲ್ಲ. ಎಲ್ಲರೂ ಕಾರು ನಿಲ್ಲಿಸಿದರಾಯಿತು. ಬಾಂಬಿನ ನಂತರದ ಭಾಗದಲ್ಲಿ ಜಾಹೀರಾತುಗಳೂ ಇರಲಿಲ್ಲ. ಆ ಕಾಲದ ಅಮೆರಿಕದ ಟಿವಿಯ ಮಟ್ಟಿಗೆ ಅದಕ್ಕಿಂತ ದೊಡ್ಡ ಸ್ಪೆಷಲ್ ಎಫೆಕ್ಟ್ ಇದ್ದಿರಲಾರದು.

ವಿಕಿರಣದಿಂದ ಕೂದಲುದುರಿದ ಜನ ಬೇಕಾದಾಗ ಲಾರೆನ್ಸ್‌ನ ನಿವಾಸಿಗಳೇ ತಲೆ ಬೋಳಿಸಿಕೊಂಡರು, ತಲಾ 75 ಡಾಲರಿಗೆ. ಮುಖಕ್ಕೆ ಲೇಟೆಕ್ಸ್ ಗಾಯ, ಮೈಗೆ ಕೃತಕ ಕೆಸರು. ಚಿತ್ರೀಕರಣ ಮುಗಿಯುವವರೆಗೆ ಸ್ನಾನ ಮಾಡಬೇಡಿ ಎಂದೂ ಕೇಳಿಕೊಂಡಿದ್ದರು.

ಈ ವಿಷಯದಲ್ಲಿ ಇದನ್ನು ಮೀರಿಸಿದ್ದು ಮರುವರ್ಷ, 1984ರ ಸೆಪ್ಟೆಂಬರಿನಲ್ಲಿ ಬಿಬಿಸಿ ಪ್ರಸಾರ ಮಾಡಿದ 'ಥ್ರೆಡ್ಸ್'. ಈ ಸಲ ಬಾಂಬು ಬೀಳುವುದು ಇಂಗ್ಲೆಂಡಿನ ಶೆಫೀಲ್ಡ್ ಮೇಲೆ. ಅಮೆರಿಕದವರ ಬಳಿ ಸುಮಾರು 70 ಲಕ್ಷ ಡಾಲರ್ ಇತ್ತು. ಇವರ ಬಳಿ ಇದ್ದದ್ದು ಸುಮಾರು 4 ಲಕ್ಷ ಪೌಂಡ್. ಸುಟ್ಟ ಚರ್ಮಕ್ಕೆ ಮೇಕಪ್ ಏನು ಗೊತ್ತೇ? ಅಲ್ಲಿನ ಮಕ್ಕಳು ಬೆಳಿಗ್ಗೆ ಹಾಲಿಗೆ ಹಾಕಿಕೊಂಡು ತಿನ್ನುವ ರೈಸ್ ಕ್ರಿಸ್ಪೀಸ್, ಅಂದರೆ ನಮ್ಮ ಮಂಡಕ್ಕಿಯ ತಮ್ಮ, ಮತ್ತು ಟೊಮೆಟೊ ಕೆಚಪ್. ಇದನ್ನು ಓದಿದ ಮೇಲೆ ಒಂದು ವಾರ ನನಗೆ ಚುರುಮುರಿ ಸೇರಲಿಲ್ಲ.

ಅಣುಯುದ್ಧದ ಹೊಗೆ ಸೂರ್ಯನನ್ನು ಮುಚ್ಚಿ ತರುವ ಚಳಿಗಾಲವನ್ನು ತೋರಿಸಲು ತಂಡ ಪೀಕ್ ಡಿಸ್ಟ್ರಿಕ್ಟಿನ ಕರ್ಬರ್ ಎಡ್ಜ್ ಎಂಬ ಬಂಡೆಸಾಲಿಗೆ ಹೋಯಿತು. ಅಲ್ಲಿ ನೋಡಿದರೆ ಚೆಂದದ ಬಿಸಿಲು! ಬಂಡೆಗಳ ಮೇಲೆಲ್ಲ ನಾಟಕದ ಹಿಮ ಎರಚಿ, ಲೆನ್ಸಿನ ಮುಂದೆ ಫಿಲ್ಟರ್ ಹಾಕಿ ಸೂರ್ಯನನ್ನು ನಂದಿಸಿದರು.

ಮೋಡ 'ಥ್ರೆಡ್ಸ್'ನಲ್ಲೂ ಏಳುತ್ತದೆ. ಆದರೆ ನಿರ್ದೇಶಕ ಮಿಕ್ ಜಾಕ್ಸನ್ ಅದನ್ನು ಬಹಳ ಹೊತ್ತು ತೋರಿಸುವುದಿಲ್ಲ. ಪೇಟೆಬೀದಿಯಲ್ಲಿ ನಿಂತ ಒಬ್ಬ ಮಹಿಳೆ ಅದನ್ನು ನೋಡುತ್ತಾಳೆ, ನಿಂತಲ್ಲೇ ಅವಳ ಬಟ್ಟೆ ಒದ್ದೆಯಾಗುತ್ತದೆ. ಕ್ಯಾಮೆರಾ ಕೆಳಗೆ ಅವಳ ಕಾಲಿನ ಕಡೆ ಇದೆ. ಉಳಿದದ್ದನ್ನು ನಿಶ್ಚಲ ಛಾಯಾಚಿತ್ರಗಳು ಮತ್ತು ಟೆಲಿಪ್ರಿಂಟರಿನಂತೆ ಕಟಕಟಿಸುತ್ತ ಮೂಡುವ ಅಕ್ಷರಗಳು ಹೇಳುತ್ತವೆ. ದುಡ್ಡಿಲ್ಲದ್ದಕ್ಕೆ ಹೀಗೆ ಮಾಡಿದರು ಎನ್ನುವವರಿದ್ದಾರೆ. ದುಡ್ಡಿದ್ದಿದ್ದರೂ ಜಾಕ್ಸನ್ ಆ ಕಾಲುಗಳನ್ನು ಬಿಡುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಎರಡರಲ್ಲಿ ಒಂದನ್ನೇ ನೋಡುವುದಾದರೆ 'ಥ್ರೆಡ್ಸ್' ನೋಡಿ, ರಾತ್ರಿ ಊಟಕ್ಕೆ ಮೊದಲು ಬೇಡ. ಮಗಳಿಗೆ ನಾನು ಎರಡನ್ನೂ ತೋರಿಸಿಲ್ಲ. ಅವಳಿಗೆ ಸದ್ಯ ಲೋಟ ಸಾಕು.

ಲೋಟದ ಪ್ರಯೋಗ ಮಾಡುವವರಿಗೆ ಎರಡು ಮಾತು. ದುಂಡನೆಯ ಲೋಟ ಆಕಾರವನ್ನು ಎಳೆದು ವಿಕಾರ ಮಾಡುತ್ತದೆ, ಚೌಕಾಕಾರದ ಗಾಜಿನ ಪಾತ್ರೆ ಇದ್ದರೆ ಒಳ್ಳೆಯದು. ಹಿಂದೆ ಬಿಳಿ ಹಾಳೆ ಇಡಿ. ನೀರು ತುಂಬಿದ ಮೇಲೆ ಐದು ನಿಮಿಷ ಮುಟ್ಟದೆ ಬಿಡಿ. ನಾವು ಅವಸರ ಮಾಡಿ ಮೂರು ಬಾಂಬುಗಳನ್ನು ಹಾಳುಮಾಡಿಕೊಂಡೆವು. ನಾಲ್ಕನೆಯದು ಸರಿಯಾಗಿ ಎದ್ದಿತು, ಅಂದರೆ ಬಿದ್ದಿತು. ಆ ಲೋಟ ಪಾನಕಕ್ಕೆಂದು ತೆಗೆದಿಟ್ಟ ಸೆಟ್ಟಿನದು ಎಂದು ಆಮೇಲೆ ಗೊತ್ತಾಯಿತು.