200 ಎಂಬಿ ಅಪ್‌ಡೇಟ್‌ಗೆ ಇಡೀ ಗೇಮ್ ಮತ್ತೆ ಡೌನ್‌ಲೋಡ್ ಆಗುತ್ತದೆಯೇ?

ಕಂಪ್ಯೂಟರ್ ಗೇಮ್‌ಗಳನ್ನು ಕೊಂಡು ಇಳಿಸಿಕೊಳ್ಳುವ ಆ್ಯಪ್ ಸ್ಟೀಮ್ ಬಗ್ಗೆ, ಗೇಮ್ ಆಡುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: 'ಸ್ಟೀಮ್ ಚಿಕ್ಕ ಅಪ್‌ಡೇಟ್ ಅಂತ ತೋರಿಸಿ, ಹಿಂದಿನಿಂದ ಇಡೀ ಗೇಮನ್ನೇ ಇಳಿಸಿಕೊಳ್ಳುತ್ತದೆ. ಇಲ್ಲದಿದ್ರೆ ಡಿಸ್ಕ್‌ನಲ್ಲಿ ಅಷ್ಟೊಂದು ಜಾಗ ಯಾಕೆ ಕೇಳುತ್ತೆ?'

ಜಾಗ ಕೇಳುವುದು ನಿಜ. ಉಳಿದದ್ದು ತಪ್ಪು ಊಹೆ.

ಸ್ಟೀಮ್ ಪ್ರತಿ ಫೈಲನ್ನೂ ಸುಮಾರು 1 ಎಂಬಿಯ ತುಂಡುಗಳಾಗಿ ನೋಡುತ್ತದೆ. ಅಪ್‌ಡೇಟ್ ಬಂದಾಗ ನಿಮ್ಮಲ್ಲಿ ಇಲ್ಲದ ತುಂಡುಗಳನ್ನಷ್ಟೇ ನೆಟ್‌ನಿಂದ ತರುತ್ತದೆ. ಆದರೆ ಹಳೆಯ ಫೈಲಿಗೆ ಅಲ್ಲೇ ತೇಪೆ ಹಾಕುವುದಿಲ್ಲ. ಹಳೆಯ ತುಂಡುಗಳನ್ನೂ ಹೊಸದನ್ನೂ ಸೇರಿಸಿ, ಪಕ್ಕದಲ್ಲೇ ಹೊಸ ಫೈಲ್ ಕಟ್ಟುತ್ತದೆ. ಅದು ಪೂರ್ತಿಯಾದ ಮೇಲೆ ಹಳೆಯದನ್ನು ತೆಗೆಯುತ್ತದೆ. ನಡುವೆ ಕರೆಂಟ್ ಹೋದರೂ ಹಳೆಯ ಫೈಲ್ ಹಾಳಾಗಬಾರದು, ಅಲ್ವಾ?

ಗೇಮಿನ ಚಿತ್ರ, ಸದ್ದು ಎಲ್ಲವನ್ನೂ 30 ಜಿಬಿಯ ಒಂದೇ ಫೈಲಿಗೆ ತುಂಬಿದ್ದರೆ, ಒಂದು ಚಿತ್ರ ಬದಲಾದರೂ ಆ 30 ಜಿಬಿಯನ್ನು ಮತ್ತೆ ಬರೆಯಬೇಕು. ನಿಧಾನವಾಗಿ ಬರೆಯುವ ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇದ್ದವರು ಕಾಫಿ ಮಾಡಿಕೊಂಡು ಬರಬಹುದು. ಡೌನ್‌ಲೋಡ್ಸ್ ಪುಟದಲ್ಲಿ ನೆಟ್‌ವರ್ಕ್ ಮತ್ತು ಡಿಸ್ಕ್ ಬೇರೆಬೇರೆಯಾಗಿ ಕಾಣುತ್ತವೆ. ನೆಟ್‌ವರ್ಕ್ ಸೊನ್ನೆಯಾಗಿ ಡಿಸ್ಕ್ ಮಾತ್ರ ಓಡುತ್ತಿದ್ದರೆ, ನಿಮ್ಮ ಡೇಟಾ ಖರ್ಚಾಗುತ್ತಿಲ್ಲ.

ಹಾಗಂತ ದೊಡ್ಡ ಡೌನ್‌ಲೋಡ್ ಆಗುವುದೇ ಇಲ್ಲ ಎಂದಲ್ಲ. ಗೇಮ್ ಮಾಡುವವರು ಫೈಲಿನ ಒಳಗಿನ ಜೋಡಣೆಯನ್ನೇ ಕಲಸಿಬಿಟ್ಟರೆ ಬಹುತೇಕ ತುಂಡುಗಳು ಹೊಸದಾಗಿ ಕಾಣುತ್ತವೆ. ಆಗ ಹತ್ತಾರು ಜಿಬಿ ನಿಜಕ್ಕೂ ಇಳಿಯುತ್ತದೆ. ಆದರೆ ಆಗ ಸ್ಟೀಮ್ ತೋರಿಸುವುದೂ 200 ಎಂಬಿ ಅಲ್ಲ, ಆ ದೊಡ್ಡ ಅಂಕಿಯನ್ನೇ.